ಕೃಷ್ಣಗಿರಿಯಲ್ಲಿ ಒಂದು ರವಿವಾರ

ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ಬಾಳುವ ನಮ್ಮಂಥವರಿಗೆ ಬೆಟ್ಟವೆಂಬುದು ರೈಲಿನ ಕಿಟಕಿಗೆ ಸೇರಿದ ವಸ್ತು. ಮುಂಬ್ರಾದಲ್ಲಿ ಹಳಿಯ ಪಕ್ಕಕ್ಕೇ ಬಂದು ನಿಲ್ಲುವ ಗುಡ್ಡ, 1916ರಿಂದ ರೈಲುಗಳನ್ನು ನುಂಗಿ ಉಗುಳುತ್ತಿರುವ ಪಾರಸಿಕ್ ಸುರಂಗ, ಕಲ್ಯಾಣದಾಚೆ ಮಲಂಗಗಡದ ಚೂಪು ಶಿಖರ, ನವಿ ಮುಂಬಯಿಯವರಿಗಾದರೆ ಬೇಲಾಪುರ, ಖಾರ್ಘರ್‌ಗಳ ಹಸಿರು ಗೋಡೆ. ಇವೆಲ್ಲವೂ ದಿನಕ್ಕೆರಡು ಬಾರಿ ನಮ್ಮ ಕಣ್ಣ ಮುಂದೆ ಹಾದುಹೋಗುತ್ತವೆ. ಬೆಳಿಗ್ಗೆ ಕೂರಲು ಜಾಗ ಸಿಕ್ಕದ ದಿನ ಅವು ಕಾಣುವುದಿಲ್ಲ. ಸಂಜೆ ಕಂಡರೂ ನಾವು ಕಾಣುವ ಸ್ಥಿತಿಯಲ್ಲಿರುವುದಿಲ್ಲ. ಮಳೆಗಾಲದಲ್ಲಿ ಮುಂಬ್ರಾದ ಬಂಡೆಗಳಿಂದ ನೀರಿಳಿಯತೊಡಗಿದಾಗ ಬಾಗಿಲಲ್ಲಿ ಜೋತುಬಿದ್ದವರೂ ಒಂದು ಕ್ಷಣ ಮೊಬೈಲಿನಿಂದ ತಲೆಯೆತ್ತುತ್ತಾರೆ. ನಮ್ಮ ಗಿರಿದರ್ಶನ ಸಾಮಾನ್ಯವಾಗಿ ಅಷ್ಟರಲ್ಲೇ ಮುಗಿಯುತ್ತದೆ.

ಆದರೆ ಈ ಮಹಾನಗರವು ತನ್ನ ಮಡಿಲಿನಲ್ಲೇ ಒಂದು ಕಾಡನ್ನು ಉಳಿಸಿಕೊಂಡಿದೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವೆಂಬುದು ಅದರ ಇಂದಿನ ಹೆಸರು. ಹಿಂದೆ ಬೊರಿವಲಿ ರಾಷ್ಟ್ರೀಯ ಉದ್ಯಾನವೆನ್ನುತ್ತಿದ್ದರು. ಅದಕ್ಕೂ ಹಿಂದೆ ಕೃಷ್ಣಗಿರಿ ಉಪವನ. ಪಶ್ಚಿಮಕ್ಕೆ ಬೊರಿವಲಿ, ಪೂರ್ವಕ್ಕೆ ಠಾಣೆ, ನಡುವೆ ಸುಮಾರು 104 ಚದರ ಕಿಲೋಮೀಟರ್ ಕಾಡು. ಅದರೊಳಗೆ 1860ರ ವಿಹಾರ ಮತ್ತು 1879ರ ತುಳಸಿ ಜಲಾಶಯಗಳು ಇಂದಿಗೂ ಮುಂಬಯಿಗೆ ನೀರು ಕೊಡುತ್ತಿವೆ. ಅತಿ ಎತ್ತರದ ತಾಣವೂ 500 ಮೀಟರನ್ನು ಮುಟ್ಟುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯ ಎದುರು ಇಟ್ಟರೆ ಕಾಲುಭಾಗವೂ ಆಗದು. ಆದರೂ ಏಳು ಮಹಡಿಯ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ಎರಡು ಕೋಣೆಗಳ ಮನೆ ಮಾಡಿಕೊಂಡಿರುವ ನಮಗೆ ಅದು ಬೆಟ್ಟವೇ ಸರಿ.

2024ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ನಾವು ಅಲ್ಲಿಗೆ ಹೋದೆವು. ನಾವೆಂದರೆ ಗಂಡ ಹೆಂಡಿರಿಬ್ಬರು, ಹದಿನಾರರ ಮಗಳು, ಹತ್ತರ ಮಗ, ಮತ್ತು ಎಪ್ಪತ್ತನಾಲ್ಕರ ಅಜ್ಜಿ. ನಮ್ಮಲ್ಲೊಬ್ಬರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನೌಕರಿ, ಇನ್ನೊಬ್ಬರಿಗೆ ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸ. ಅಜ್ಜಿ ಸಿದ್ದಾಪುರದ ಕಡೆಯ ಹಳ್ಳಿಯವರು. ಅಜ್ಜ ತೀರಿಕೊಂಡ ಬಳಿಕ, ಮೂರು ವರ್ಷಗಳ ಹಿಂದೆ, ಮನೆಗೆ ಬೀಗ ಹಾಕಿ, ತುಳಸಿಕಟ್ಟೆಗೆ ನೀರೆರೆಯುವ ಕೆಲಸವನ್ನು ನೆರೆಮನೆಯವರಿಗೆ ಒಪ್ಪಿಸಿ, ಒಂದು ಟ್ರಂಕು ಮತ್ತು ಎರಡು ಭರಣಿ ಅಪ್ಪೆಮಿಡಿಯೊಂದಿಗೆ ಡೊಂಬಿವಲಿಗೆ ಬಂದರು. ಬಂದ ಮೇಲೆ ದೂರಿಲ್ಲ, ಬೇಡಿಕೆಯಿಲ್ಲ. ಸಂಜೆ ಗ್ಯಾಲರಿಯ ಕಬ್ಬಿಣದ ಜಾಲರಿ ಹಿಡಿದು ನಿಂತಿರುವುದನ್ನು ಕಂಡಾಗ ಮಾತ್ರ ನಮಗೆ ಏನೋ ಒಂದು ಬಗೆಯ ಕಸಿವಿಸಿ.

ಆ ಕಸಿವಿಸಿಗೆ ಒಂದು ರೂಪವೂ ಇತ್ತು. ಸ್ವಂತ ರಾಜ್ಯಕ್ಕೆ ವರ್ಗಾವಣೆ ಬಯಸುವವರು ಅಕ್ಟೋಬರ್ ಮುಗಿಯುವುದರೊಳಗೆ ಅರ್ಜಿ ಸಲ್ಲಿಸಬೇಕೆಂಬ ಸುತ್ತೋಲೆ ಕಚೇರಿಗೆ ಬಂದಿತ್ತು. ಹುಬ್ಬಳ್ಳಿಯಲ್ಲಿ ಜಾಗವಿದೆಯೆಂದು ಬಲ್ಲವರು ಹೇಳಿದ್ದರು. ಹುಬ್ಬಳ್ಳಿಗೆ ಹೋದರೆ ಊರು ಮೂರು ತಾಸಿನ ದಾರಿ. ಅಜ್ಜಿಗೆ ಮನೆಯ ಬಾಗಿಲು ತೆರೆಯಬಹುದು. ಆದರೆ ಮಗಳು ಹನ್ನೊಂದನೆಯ ತರಗತಿಯ ನಡುವಿನಲ್ಲಿದ್ದಳು, ಮಗನ ಗೆಳೆಯರೆಲ್ಲ ಇಲ್ಲಿಯವರು, ಶಾಲೆಯ ಕೆಲಸ ಬಿಟ್ಟರೆ ಮರಳಿ ಸಿಗುವ ಭರವಸೆಯಿಲ್ಲ. ಇತ್ತ ಬಂಧುಗಳು ಫೋನಿನಲ್ಲಿ, “ಹೆಂಗೂ ಬರೋದಿಲ್ಲ ಅಂದ್ರೆ ಮನೆ ಕೊಟ್ಟುಬಿಡಿ, ಹಂಚು ಕುಸಿದ ಮೇಲೆ ಯಾರೂ ಕೇಳೋದಿಲ್ಲ” ಎನ್ನತೊಡಗಿದ್ದರು. ಅರ್ಜಿಯ ನಮೂನೆ ಕಪಾಟಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಮಲಗಿತ್ತು. ಅದರ ಬಗ್ಗೆ ಅಜ್ಜಿಯ ಎದುರು ನಾವು ಮಾತೆತ್ತಿರಲಿಲ್ಲ.

ಸೋಮವಾರ ಉದ್ಯಾನಕ್ಕೆ ರಜೆ. ಶನಿವಾರ ಮಕ್ಕಳಿಗೆ ಶಾಲೆ. ಉಳಿದದ್ದು ರವಿವಾರ, ಅದರಲ್ಲೂ ನಮ್ಮ ಹಳಿಯ ಮೇಲೆ ಮೆಗಾಬ್ಲಾಕ್ ಇಲ್ಲದ ರವಿವಾರ. ಮುಂಜಾನೆಯ ಲೋಕಲಿನಲ್ಲಿ ಠಾಣೆಗೆ, ಅಲ್ಲಿಂದ ಘೋಡಬಂದರ್ ರಸ್ತೆ ಹಿಡಿದ ಬಸ್ಸಿನಲ್ಲಿ ಬೊರಿವಲಿಗೆ. ಈ ದಾರಿಯೆಂದರೆ ಕಾಡಿಗೆ ಅರ್ಧ ಪ್ರದಕ್ಷಿಣೆ ಬಂದ ಹಾಗೆ. ಎಡಕ್ಕೆ ಉದ್ದಕ್ಕೂ ಬೆಟ್ಟ, ಬಲಕ್ಕೆ ಉದ್ದಕ್ಕೂ ಗೋಪುರಗಳಂಥ ವಸತಿಗಳು. “ಇವರೆಲ್ಲ ಕಾಡು ನೋಡೋದಕ್ಕೆ ಇಷ್ಟು ಎತ್ತರ ಕಟ್ಟಿಕೊಂಡರೋ?” ಎಂದು ಅಜ್ಜಿ ಕೇಳಿದರು. ಜಾಹೀರಾತುಗಳಲ್ಲಿ ಹಾಗೆಯೇ ಬರೆದಿರುತ್ತದೆಂದು ಮಗಳು ಉತ್ತರಿಸಿದಳು.

ಹೆಬ್ಬಾಗಿಲಿನಿಂದ ಕಾನ್ಹೇರಿ ಗುಹೆಗಳವರೆಗೆ ಆರೇಳು ಕಿಲೋಮೀಟರು ಉದ್ಯಾನದ ಬಸ್ಸಿನಲ್ಲಿ ಹೋಗಬಹುದು. ನಾವು ಮೊದಲ ಬಸ್ಸುಗಳನ್ನು ಬಿಟ್ಟು ಮರಗಳ ನೆರಳಿನಲ್ಲಿ ಒಂದಿಷ್ಟು ದೂರ ನಡೆದೆವು. ಅಲ್ಲಲ್ಲಿ ಮರಗಳಿಗೆ ಮರಾಠಿ ಹೆಸರಿನ ಫಲಕಗಳಿದ್ದವು. ಮಗಳು ಓದುತ್ತ ಹೋದಳು: ಐನ್, ಪಳಸ್, ಸಾವರ್, ಕುಂಭಾ, ಮೋಹ. ಅಜ್ಜಿಗೆ ದೇವನಾಗರಿ ಅಕ್ಷರಗಳ ಪರಿಚಯ ಅಷ್ಟಕ್ಕಷ್ಟೆ. ಆದರೆ ಮರಗಳನ್ನು ಗುರುತಿಸಲು ಅವರಿಗೆ ಫಲಕ ಬೇಕಿರಲಿಲ್ಲ. ತೊಗಟೆಯ ಮೇಲೆ ಅಂಗೈಯಿಟ್ಟು, ತಲೆಯೆತ್ತಿ ಎಲೆ ನೋಡಿ, “ಇದು ಮತ್ತಿ” ಎಂದರು. ಐನ್ ಎಂದರೆ ಮತ್ತಿ. ಪಳಸ್ ಮುತ್ತುಗ. ಸಾವರ್ ಬೂರುಗ. ಕುಂಭಾ ಕವಲು. ಮೋಹ ಹಿಪ್ಪೆ. ಮೂರು ವರ್ಷಗಳಿಂದ ನಮ್ಮ ಮನೆಯಲ್ಲಿ ಮಿಕ್ಸರು, ಲಿಫ್ಟು, ಟಿ.ವಿ.ಯ ರಿಮೋಟುಗಳ ಬಗ್ಗೆ ಮೊಮ್ಮಕ್ಕಳನ್ನು ಕೇಳಿ ತಿಳಿಯುತ್ತಿದ್ದವರು ಆ ಅರ್ಧ ತಾಸು ಹೇಳಿಕೊಡುವವರಾದರು. ಅವರ ದನಿಯೇ ಬೇರೆಯಾಯಿತು. “ಮುತ್ತುಗದ ಎಲೆ ಹಚ್ಚಿ ಊಟ ಮಾಡಿದ್ದು ನಿನಗೆ ಗೊತ್ತಿಲ್ಲ ಕೂಸೇ” ಎಂದು ಮೊಮ್ಮಗಳ ಬೆನ್ನು ತಟ್ಟಿದರು.

ಮಗಳು ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮಗ್ಗುಲಲ್ಲಿ ನಿಂತು ಇಣುಕಿದಾಗ ಕಂಡದ್ದು: ಮತ್ತಿ, ಮುತ್ತುಗ, ಬೂರುಗ, ಕವಲು, ಹಿಪ್ಪೆ, ಅಷ್ಟೂ ದೇವನಾಗರಿ ಲಿಪಿಯಲ್ಲಿ. ಅವಳಿಗೆ ಮನೆಯಲ್ಲಿ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಇದು ನಮ್ಮ ಒಂದು ಮನೆಯ ಕತೆಯಲ್ಲ. ಡೊಂಬಿವಲಿಯ ಕನ್ನಡ ಕೂಟಗಳಲ್ಲಿ ಹುತ್ತರಿ ಹಾಡಿನಿಂದ ಯಕ್ಷಗಾನದವರೆಗೆ ಎಲ್ಲಕ್ಕೂ ಬಂದು ಕೂರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ವೇದಿಕೆಯ ಮೇಲಿನ ಬ್ಯಾನರು ಚಿತ್ರ ಮಾತ್ರ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಕಣ್ಣಾರೆ ಕಾಣದ ಡ್ಯಾಫೊಡಿಲ್ ಹೂವಿನ ಬಗ್ಗೆ ಹತ್ತು ಅಂಕದ ಉತ್ತರ ಬರೆದ ತಲೆಮಾರು ನಮ್ಮದು. ಕಣ್ಣೆದುರಿನ ಮರವನ್ನು ಮೂರು ಹೆಸರುಗಳಿಂದ ಬಲ್ಲ ಈ ಹುಡುಗಿ ಒಂದು ರೀತಿಯಲ್ಲಿ ನಮಗಿಂತ ಮುಂದೆ. ಆದರೂ ಆ ದೇವನಾಗರಿಯ “ಮುತ್ತುಗ” ನಮ್ಮ ಮನಸ್ಸಿನಲ್ಲಿ ಬಹಳ ಹೊತ್ತು ಚುಚ್ಚುತ್ತಿತ್ತು.

ಈ ಕಾಡಿನೊಳಗೆ ವಾರ್ಲಿ ಮೊದಲಾದ ಆದಿವಾಸಿಗಳ ಪಾಡಾಗಳಿವೆ. ಚಿರತೆಗಳೂ ಇವೆ: 2015ರಲ್ಲಿ ಕ್ಯಾಮೆರಾಗಳನ್ನು ಹೂಡಿ ನಡೆಸಿದ ಎಣಿಕೆಯಲ್ಲಿ ಉದ್ಯಾನ ಮತ್ತು ಅದರ ಸುತ್ತಲಿನ ಪ್ರದೇಶ ಸೇರಿ 35 ಚಿರತೆಗಳು ಸಿಕ್ಕವು. ಇಷ್ಟು ಜನಸಂದಣಿಯ ನಡುವೆ ಇಷ್ಟು ಚಿರತೆಗಳು ಬದುಕಿರುವ ಊರು ಜಗತ್ತಿನಲ್ಲೇ ಅಪರೂಪ. ವಾರ್ಲಿಗಳು ವಾಘೋಬಾ ಎಂಬ ದೇವರನ್ನು ಪೂಜಿಸುತ್ತಾರೆ. ಹುಲಿಗೂ ಚಿರತೆಗೂ ಅವನೇ ಒಡೆಯ. ಹಾಗೆಂದು ಮಗ ಓದಿ ಹೇಳಿದಾಗ ಅಜ್ಜಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. “ನಮ್ಮಲ್ಲಿ ಹುಲಿದೇವರು ಇಲ್ಲವಾ? ಅದೇ ಇದು” ಎಂದು ಕಾಡಿನತ್ತ ತಿರುಗಿ ಕೈಮುಗಿದರು. ಚಿರತೆ ಬಂದರೆ ಏನು ಮಾಡಬೇಕೆಂದು ಮಗ ಕೇಳಿದ. “ದಾರಿ ಬಿಡಬೇಕು. ಮನೆ ಅದರದು” ಎಂದರು.

ಕಾನ್ಹೇರಿಯೆಂಬ ಹೆಸರು ಬಂದದ್ದು ಕೃಷ್ಣಗಿರಿಯಿಂದ. ಕರಿಯ ಬಸಾಲ್ಟ್ ಶಿಲೆಯ ಗುಡ್ಡವನ್ನು ಕೊರೆದು ಮಾಡಿದ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳು. ಸುಮಾರು ಸಾವಿರ ವರ್ಷ ಕಾಲ ಇಲ್ಲಿ ಭಿಕ್ಷುಗಳು ಬಾಳಿದರು. ಮೂರನೆಯ ಗುಹೆಯ ದೊಡ್ಡ ಚೈತ್ಯದ ಮೊಗಸಾಲೆಯಲ್ಲಿ ಎರಡಾಳೆತ್ತರಕ್ಕೂ ಮಿಕ್ಕಿ ನಿಂತ ಬುದ್ಧನ ಇಬ್ಬದಿಯ ಮೂರ್ತಿಗಳ ಮುಂದೆ ಎಲ್ಲರೂ ಚಿತ್ರ ತೆಗೆಸಿಕೊಳ್ಳುತ್ತಾರೆ, ನಾವೂ ತೆಗೆಸಿಕೊಂಡೆವು. ಆದರೆ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ನೀರಿನ ವ್ಯವಸ್ಥೆ. ಹೆಚ್ಚುಕಡಿಮೆ ಪ್ರತಿ ಗುಹೆಯ ಪಕ್ಕದಲ್ಲೂ ಬಂಡೆಯಲ್ಲಿ ಕಡೆದ ಒಂದು ತೊಟ್ಟಿ. ಮೇಲಿನ ಇಳಿಜಾರಿನ ಮಳೆನೀರನ್ನು ಅದಕ್ಕೆ ತರುವ ಸಣ್ಣ ಕಾಲುವೆಗಳು. ಸೆಪ್ಟೆಂಬರಿನಲ್ಲಿ ಅವು ತುಂಬಿ ತಿಳಿಯಾಗಿದ್ದವು. ಟ್ಯಾಂಕರಿನ ಹಾದಿ ಕಾಯುವ ಕಾಲೊನಿಗಳಿಂದ ಬಂದವರು ಇದನ್ನು ಕಂಡು ಸುಮ್ಮನಾಗದೆ ಇರಲಾರರು.

ಆ ತೊಟ್ಟಿಗಳನ್ನು ಯಾರು ಮಾಡಿಸಿದರೆಂಬುದನ್ನು ಬ್ರಾಹ್ಮೀ ಲಿಪಿಯ ದಾನಶಾಸನಗಳು ಹೇಳುತ್ತವೆ. ಸೋಪಾರಾ, ನಾಸಿಕ, ಚೌಲ್‌ಗಳ ಜನ. ಜೊತೆಗೆ “ಕಲಿಯಾಣ”ದವರು, ಅಂದರೆ ನಮ್ಮ ಕಲ್ಯಾಣದ ವ್ಯಾಪಾರಿಗಳು, ಅಕ್ಕಸಾಲಿಗರು. ದಿನವೂ ಆರನೆಯ ಪ್ಲಾಟ್‌ಫಾರಮ್ಮಿನಿಂದ ಮೊದಲನೆಯದಕ್ಕೆ ಓಡುವ ಕಲ್ಯಾಣ ಜಂಕ್ಷನ್ ನಮಗೆ ಗೊತ್ತು. ಅಲ್ಲಿಯ ಅಕ್ಕಸಾಲಿಯೊಬ್ಬ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೆಟ್ಟ ಹತ್ತಿ ಬಂದು, ಪರಸ್ಥಳದ ಸನ್ಯಾಸಿಗಳಿಗೆ ಕುಡಿಯುವ ನೀರಿಗಾಗಿ ತೊಟ್ಟಿ ಕಡೆಸಿಕೊಟ್ಟನೆಂಬುದು ಗೊತ್ತಿರಲಿಲ್ಲ. ಕಲ್ಯಾಣವೆಂದೊಡನೆ ಬಸವಕಲ್ಯಾಣವನ್ನೇ ನೆನೆಯುವ ನಮಗೆ ಈ ಇನ್ನೊಂದು ಕಲ್ಯಾಣವೂ ಅಂದಿನಿಂದ ಕೇವಲ ಜಂಕ್ಷನ್ ಆಗಿ ಉಳಿದಿಲ್ಲ.

“ಇಲ್ಲಿ ಕನ್ನಡದವರ ಹೆಸರು ಇಲ್ಲವಾ?” ಎಂದು ಮಗಳು ಕೇಳಿದಳು. ಇದೆ. ಹಾಗೆ ಕೇಳಿದ್ದಕ್ಕೆ ನಮಗೆ ಒಳಗೊಳಗೇ ಹಿಗ್ಗು. ಒಂಬತ್ತನೆಯ ಶತಮಾನದ ಮೂರು ಶಾಸನಗಳು ಇಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರು ಹೇಳುತ್ತವೆ. ಅವನು ನಮ್ಮ ನೃಪತುಂಗ. ಉಪಲಬ್ಧ ಕನ್ನಡ ಕೃತಿಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಅವನ ಮಾಂಡಲಿಕರಾಗಿ ಕೊಂಕಣವನ್ನಾಳಿದವರು ಶಿಲಾಹಾರರು. ಮೊದಲನೆಯದು ಪುಲ್ಲಶಕ್ತಿಯ ಕಾಲದ್ದು, ಶಕ 765, ಅಂದರೆ ಕ್ರಿ.ಶ. 843ರದೆಂದು ಓದಲಾಗಿದೆ, ಕೊನೆಯದು ಕಪರ್ದಿಯ ಕಾಲದ್ದು, ಶಕ 799, ಅಂದರೆ 877. ಮುಂದೆ ಈ ಶಿಲಾಹಾರರೇ ಠಾಣೆಯಿಂದ ಆಳಿದರು. ಅಂಬರನಾಥದ 1060ರ ಶಿವಾಲಯ ಅವರ ಕಾಲದ್ದು. ಅವರ ಶಾಸನಗಳ ಬಿರುದಾವಳಿಗಳಲ್ಲಿ ಕನ್ನಡ ಪದಗಳು ಸಿಗುತ್ತವೆ. ವಾ. ವಿ. ಮಿರಾಶಿಯವರು 1977ರಲ್ಲಿ ಸಂಪಾದಿಸಿದ ಶಿಲಾಹಾರ ಶಾಸನಗಳ ಸಂಪುಟವನ್ನು ಗ್ರಂಥಾಲಯದಲ್ಲಿ ತಿರುವಿ ಹಾಕಿದ್ದರಿಂದ ಇಷ್ಟು ನಮ್ಮ ಬಾಯಲ್ಲಿತ್ತು.

“ಹಾಗಾದರೆ ಕನ್ನಡದಲ್ಲಿ ಬರೆದಿದ್ದಾರಾ?” ಅವಳ ಮುಂದಿನ ಪ್ರಶ್ನೆ. ಇಲ್ಲ, ಭಾಷೆ ಸಂಸ್ಕೃತ. ಅವಳ ಮುಖ ಸಣ್ಣದಾಯಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಎದೆಯುಬ್ಬಿಸಿ ಹೇಳುವುದು ಸಭೆಗಳಲ್ಲಿ ನಮಗೆ ರೂಢಿ. ಆದರೆ ಆ ಗುಹೆಯ ಬಾಗಿಲಲ್ಲಿ ಆ ಮಾತು ನಾಲಗೆಗೆ ಬರಲಿಲ್ಲ. ಆ ಶಾಸನಗಳಲ್ಲಿ ಯಾವ ಜಯಘೋಷವೂ ಇಲ್ಲ. ಇರುವುದು ಬುದ್ಧನ ಪೂಜೆಗೆ, ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ, ಪುಸ್ತಕಗಳಿಗೆ ಎಂದು ದ್ರಮ್ಮ ನಾಣ್ಯಗಳ ಬಡ್ಡಿಯನ್ನು ಹಂಚಿಟ್ಟ ಲೆಕ್ಕ. ಒಂದರಲ್ಲಿ ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ, ಬಂದ ಅವಿಘ್ನಾಕರನೆಂಬ ಉಪಾಸಕ ಧ್ಯಾನದ ಕೋಣೆಗಳನ್ನು ಕಟ್ಟಿಸಿ ನೂರು ದ್ರಮ್ಮಗಳನ್ನಿಟ್ಟ ಸಂಗತಿಯಿದೆ. ಜೈನಧರ್ಮಕ್ಕೆ ಒಲಿದ ಕನ್ನಡ ಅರಸ, ಶೈವ ಮಾಂಡಲಿಕ, ಬೌದ್ಧ ಭಿಕ್ಷುಗಳು, ಬಂಗಾಳದ ದಾನಿ, ಕೊಂಕಣದ ಬೆಟ್ಟ. ಇದನ್ನು ಯಾರ ಆಸ್ತಿಯೆಂದು ಹೇಳಬೇಕು? ದೂರದಿಂದ ಬಂದವನು ಕಟ್ಟಿಸಿದ ಕೋಣೆಯಲ್ಲಿ ಇನ್ನಾರೋ ಕುಳಿತು ಧ್ಯಾನಿಸಿದರು. ಅದರಿಂದ ಅವನೂ ಈ ಊರಿನವನಾದ. ನಾವು ಇಷ್ಟನ್ನು ನಮಗೆ ಬಂದ ಮಾತಿನಲ್ಲಿ ಹೇಳಿದೆವು. ಮಗಳು, “ಪುಸ್ತಕಕ್ಕೂ ದುಡ್ಡಿಟ್ಟಿದ್ದರಾ!” ಎಂದಳು. ಅವಳಿಗೆ ಹಿಡಿಸಿದ್ದು ಅದು.

ತೊಂಬತ್ತನೆಯ ಗುಹೆಯಲ್ಲಿ ಇನ್ನೊಂದು ವಿಶೇಷವುಂಟು. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು, ಬಂದ ದಿನಗಳನ್ನು ಗೀರಿ ಹೋಗಿದ್ದಾರೆ. ಅವರು ಬಂದದ್ದು ಯಾತ್ರೆಗಲ್ಲ, ನಮ್ಮ ಹಾಗೆ ನೋಡಿ ಹೋಗುವುದಕ್ಕೆ. ಬೇರೆ ನೆಲದಿಂದ ಬಂದು ಈ ಕರಾವಳಿಯಲ್ಲಿ ನೆಲೆಸಿದವರು ಮಳೆ ನಿಂತ ಅಕ್ಟೋಬರ್ ನವೆಂಬರಿನಲ್ಲಿ ನೆಂಟರಿಷ್ಟರೊಡನೆ ಬೆಟ್ಟಕ್ಕೆ ಬಂದು, ತಮ್ಮ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದರು. ಇಂದು ಹಾಗೆ ಗೀಚಿದರೆ ದಂಡ ತೆರಬೇಕು, ಅದು ನ್ಯಾಯವೇ. ಆದರೆ ತಮ್ಮ ಅಕ್ಷರ ಅವರ ಕೈಯಲ್ಲಿತ್ತು ಎಂಬುದನ್ನು ನಾವು ಗಮನಿಸದೆ ಇರಲಾಗಲಿಲ್ಲ.

ಊಟದ ಬುತ್ತಿಯಲ್ಲಿ ಚಪಾತಿ, ಮೊಸರನ್ನ, ಅಪ್ಪೆಮಿಡಿ. ಕೋತಿಗಳ ಭಯದಿಂದ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಉಂಡೆವು. ಆದರೂ ಚಪಾತಿಯ ಪೊಟ್ಟಣವೊಂದು ಕೈ ಬಿಟ್ಟುಹೋಯಿತು. ಮೆಟ್ಟಿಲ ಬುಡದಲ್ಲಿ ಸೌತೆಕಾಯಿ, ಪೇರಲೆ ಮಾರುತ್ತಿದ್ದ ಪಾಡಾದ ಹೆಂಗಸಿನ ಬಳಿ ಅಜ್ಜಿ ಕಾಲು ಗಂಟೆ ಕೂತರು. ಇವರದು ಕನ್ನಡ, ಅವಳದು ಮರಾಠಿ. ಎಷ್ಟು ಮಕ್ಕಳು, ಮಂಡಿನೋವಿಗೆ ಏನು ಹಚ್ಚುತ್ತೀರಿ, ಈ ವರ್ಷದ ಮಳೆ ಹೇಗೆ, ಎಲ್ಲ ಮಾತೂ ಆಯಿತು. ನಾವು ಅನುವಾದಕ್ಕೆಂದು ಹತ್ತಿರ ಹೋದರೆ ಇಬ್ಬರೂ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಮೇಲಿನ ಏರಿಗೆ ಹೋಗಿದ್ದ ಮಕ್ಕಳು ನೇರಳೆ ಬಣ್ಣದ ಹೂವಿನ ಚಿತ್ರ ತೆಗೆದುಕೊಂಡು ಓಡಿಬಂದರು. ಕಾರ್ವಿ. ಎಂಟು ವರ್ಷಕ್ಕೊಮ್ಮೆ ಒಟ್ಟಾಗಿ ಅರಳಿ, ಬೀಜ ಉದುರಿಸಿ, ಗಿಡ ಸಾಯುತ್ತದೆ. ಇಲ್ಲಿ 2016ರಲ್ಲಿ ಅರಳಿತ್ತು, ಈಗ 2024. ಅಜ್ಜಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಎಲೆ ಕಾಣೋದಿಲ್ಲವಲ್ಲೇ, ನಾನೇ ನೋಡ್ತೆ” ಎಂದು ಎದ್ದರು. ಬೇಡವೆಂದರೂ ಕೇಳಲಿಲ್ಲ. ಬಂಡೆಯ ಮೆಟ್ಟಿಲುಗಳನ್ನು ಒಂದೊಂದಾಗಿ, ಮೊಮ್ಮಗಳ ಹೆಗಲು ಹಿಡಿದು, ನಾಲ್ಕು ಕಡೆ ಕೂತು, ಏರಿದರು. ಗಿಡದ ಮುಂದೆ ನಿಂತು, “ಗುರಿಗೆ!” ಎಂದರು. ತಮ್ಮೂರಿನ ಕಡೆ ಗುರಿಗೆ ಹೂಬಿಟ್ಟ ವರ್ಷದ ಜೇನು ಎಷ್ಟು ದಪ್ಪಗಿರುತ್ತಿತ್ತು, ಅದರ ಕೋಲುಗಳಿಂದ ತಟ್ಟಿ ಹೆಣೆದು ಮಣ್ಣು ಮೆತ್ತಿ ಗೋಡೆ ಹೇಗೆ ಮಾಡುತ್ತಿದ್ದರು ಎಂದು ಹೇಳಿದರು. ವಾರ್ಲಿಗಳ ಗುಡಿಸಲಿನ ಗೋಡೆಯೂ ಕಾರ್ವಿಯದೇ ಎಂದು ಮಗ ಸೇರಿಸಿದ.

ಎತ್ತರದಿಂದ ಎರಡೂ ಕಡೆ ಕಾಣುತ್ತಿತ್ತು. ಕಾಡಿನ ಹಸಿರು ಮುಗಿದಲ್ಲಿ ಬಿಳಿಯ ಕಟ್ಟಡಗಳ ಅಂಚು. ಈ ಬೆಟ್ಟದ ಅಡಿಯಲ್ಲೇ ಠಾಣೆಯಿಂದ ಬೊರಿವಲಿಗೆ ಜೋಡಿ ಸುರಂಗದ ರಸ್ತೆ ಬರಲಿದೆ, ಒಟ್ಟು 11.8 ಕಿಲೋಮೀಟರಿನ ಆ ಯೋಜನೆಗೆ ಆ ಜುಲೈಯಲ್ಲಷ್ಟೇ ಭೂಮಿಪೂಜೆಯಾಗಿತ್ತು. ಮುಂದಿನ ಬಾರಿ ನಮ್ಮ ಬಸ್ಸು ಪ್ರದಕ್ಷಿಣೆ ಬರಬೇಕಿಲ್ಲ. ಸಮಯ ಉಳಿಯುತ್ತದೆ, ಅದು ನಮಗೂ ಬೇಕು. ನಮ್ಮ ಓಡಾಟದ ಸದ್ದು ಈ ಕಾಡಿಗೆ ಎಷ್ಟು ಕೇಳಬಹುದೆಂಬ ಪ್ರಶ್ನೆಯನ್ನೂ ಮನಸ್ಸು ಬಿಡದು.

ಅಜ್ಜಿ ಬೆರಳು ಮಡಿಸುತ್ತಿದ್ದರು. “ಇನ್ನೊಮ್ಮೆ ಅರಳುವಾಗ ನನಗೆ ಎಂಬತ್ತೆರಡು. ಇವಳಿಗೆ ಇಪ್ಪತ್ತನಾಲ್ಕು.” 2032. ನಮಗೆ ಆಗ ನಿವೃತ್ತಿಗೆ ಕೆಲವೇ ವರ್ಷ ಉಳಿದಿರುತ್ತದೆ. ಯಾರು ಎಲ್ಲಿರುತ್ತೇವೆ? ಆ ಮಾತು ನಮ್ಮ ಬಾಯಿಂದ ಹೊರಡುವ ಮೊದಲೇ ಅವರು ದನಿ ತಗ್ಗಿಸಿ ಹೇಳಿದರು: “ಕಪಾಟಿನಲ್ಲಿ ಇಟ್ಟ ಕಾಗದ ನೋಡಿದ್ದೆ. ನನ್ನ ಸಲುವಾಗಿ ಮಕ್ಕಳನ್ನು ಕಿತ್ತು ನೆಡಬೇಡಿ. ನನ್ನನ್ನು ನೆಟ್ಟದ್ದು ಆಯಿತು, ಬೇರು ಬಿಡುತ್ತೋ ನೋಡುವ. ಆದರೆ ಮನೆ ಮಾರಬೇಡಿ. ಮಾಡು ಸೋರದ ಹಾಗೆ ನೋಡಿ. ವರ್ಷಕ್ಕೆ ಎರಡು ತಿಂಗಳು ನಾನು ಅಲ್ಲಿದ್ದು ಬರ್ತೆ.” ಮೂರು ವರ್ಷಗಳಲ್ಲಿ ಅವರು ಕೇಳಿದ ಮೊದಲ ಸಂಗತಿ ಅದು. ನಾವಿಬ್ಬರೂ ಉತ್ತರ ಕೊಡಲಾಗದೆ ಕಣಿವೆಯತ್ತ ನೋಡುತ್ತ ನಿಂತೆವು.

ಅಕ್ಟೋಬರ್ ಕಳೆಯಿತು. ಅರ್ಜಿ ಸಲ್ಲಿಸಲಿಲ್ಲ. ಹುಬ್ಬಳ್ಳಿಯ ಜಾಗ ಬೇರೊಬ್ಬರಿಗೆ ಹೋಯಿತು. ಇದು ಸರಿಯಾದ ನಿರ್ಧಾರವೋ ಅಲ್ಲವೋ ಎಂದು ತೀರ್ಮಾನಿಸಲು ನಮಗೆ ಇನ್ನೂ ಕೆಲವು ವರ್ಷ ಬೇಕು. ಆ ವರ್ಷದ ಬೋನಸ್ಸಿನ ಹಣ ಊರಿನ ಮನೆಯ ಹಂಚು, ರೀಪು, ಪಕಾಸುಗಳಿಗೆ ಹೋಯಿತು. ಬಂಧುಗಳು ದುಂದುವೆಚ್ಚವೆಂದರು. ಏಪ್ರಿಲ್, ಮೇ ತಿಂಗಳು ಅಜ್ಜಿ ಅಲ್ಲಿದ್ದರು. ಪರೀಕ್ಷೆ ಮುಗಿಸಿದ ಮಗಳೂ ಜೊತೆಗೆ ಹೋದಳು.

ಮರಗಳ ಪಟ್ಟಿ ಈಗ ಮೊಬೈಲಿನಿಂದ ಒಂದು ಇನ್ನೂರು ಪುಟದ ನೋಟುಬುಕ್ಕಿಗೆ ಬಂದಿದೆ. ಮೂರು ಸಾಲಿನ ಲೆಕ್ಕ: ಮರಾಠಿ, ಇಂಗ್ಲಿಷ್, ಕನ್ನಡ. ಕನ್ನಡದ ಸಾಲನ್ನು ಅಜ್ಜಿ ತಮ್ಮ ನಡುಗುವ ಕೈಯಲ್ಲಿ ಬರೆದು ಕೊಡುತ್ತಾರೆ, ಮಗಳು ಕೆಳಗೆ ತಿದ್ದುತ್ತಾಳೆ. ಮತ್ತಿಯ ಒತ್ತಕ್ಷರ ಮೂರು ಬಾರಿ ತಪ್ಪಿತು. ಮುತ್ತುಗದ ಹೊತ್ತಿಗೆ ಸರಿಯಾಯಿತು.